ಸೀತಾಂಗೋಳಿಯ ಶೆಡ್ಡಿನಲ್ಲಿ ಡೆಂಡ್ರಿಟಿಕ್ ಕೋಶ: ನೀರು, ಸೀರಂ, ರಕ್ತ

ಗ್ಲಿಯೋಬ್ಲಾಸ್ಟೋಮಾದ (ಮಿದುಳಿನ ಉಗ್ರ ಕ್ಯಾನ್ಸರ್) ಲೈಸೇಟ್, ಅಂದರೆ ಒಡೆದ ಗಡ್ಡೆಕೋಶಗಳ ರಸ, ತಿನ್ನಿಸಿದ ಡೆಂಡ್ರಿಟಿಕ್ ಕೋಶವನ್ನು (ದೇಹ ಕಾಯುವ ಟಿ ಕೋಶಗಳಿಗೆ ಶತ್ರುವಿನ ಗುರುತು ತೋರಿಸುವ ಕೋಶ) ಕಾಸರಗೋಡಿನಲ್ಲೇ ಮಾಡುತ್ತೇವೆ ಎಂದಾಗ ಸಿಕ್ಕಿದ ಉತ್ತರ ಒಂದೇ: “ಬೆಂಗಳೂರಿಗೋ ತಿರುವನಂತಪುರಕ್ಕೋ ಹೋಗಿ ಮಾರಾಯ್ರೇ, ಕರೆಂಟೇ ಸರಿಯಾಗಿ ಇರದ ಊರಲ್ಲಿ ಎಂತ ಸೆಲ್ ಕಲ್ಚರ್?” ಕಳೆದ ನಾಲ್ಕು ಬ್ಯಾಚ್‌ಗಳಲ್ಲಿ ಸಿಡಿ83 (ಬಲಿತ ಕೋಶದ ಮೈಮೇಲಿನ ಗುರುತು) ಇರುವ ಕೋಶ ಶೇ. 80 ದಾಟಿದೆ, ಎಲಿಸ್ಪಾಟ್‌ನಲ್ಲಿ (ಎಚ್ಚೆತ್ತ ಟಿ ಕೋಶ ಒಂದೊಂದು ಚುಕ್ಕೆಯಾಗಿ ಕಾಣುವ ಪರೀಕ್ಷೆ) ಚುಕ್ಕೆ ಎದ್ದಿದೆ. ಕರೆಂಟು ಕೈಕೊಟ್ಟದ್ದು ಎರಡೇ ಸಲ. ಉಳಿದ ಮಂಡೆಬಿಸಿಯೆಲ್ಲ ನೀರು, ಸೀರಂ, ರಕ್ತದ್ದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದೆಲ್ಲ ತಟ್ಟೆಯೊಳಗೆ ನಡೆದ ಕೆಲಸ. ಯಾವ ರೋಗಿಗೂ ಕೊಟ್ಟಿಲ್ಲ, ಕೊಡುವ ಪರವಾನಗಿಯೂ ಇಲ್ಲ. ದಯವಿಟ್ಟು ಆ ಬಗ್ಗೆ ಕೇಳಬೇಡಿ.

ಇಡೀ ಗಡ್ಡೆಯ ಲೈಸೇಟೇ ಯಾಕೆ? ಗಡ್ಡೆಯ ಒಂದೇ ಪ್ರೋಟೀನಿಗೆ ಗುರಿ ಹಿಡಿದು ಹೊರಟ ರಿಂಡೋಪೆಪಿಮಟ್ ಲಸಿಕೆ 2016ರಲ್ಲಿ ಮುಗ್ಗರಿಸಿತು. ಮರಳಿ ಬಂದ ಗಡ್ಡೆಗಳಲ್ಲಿ ಹಲವು ಆ ಗುರಿಯನ್ನೇ ಕಳಚಿಕೊಂಡಿದ್ದವು. ಲೈಸೇಟ್ ಬಳಸಿದ ಡೆಂಡ್ರಿಟಿಕ್ ಕೋಶದ ಲಸಿಕೆ ಡಿಸಿವ್ಯಾಕ್ಸ್-ಎಲ್‌ನ ಫಲಿತಾಂಶ 2022ರ ನವೆಂಬರಿನಲ್ಲಿ ಬಂತು: ಹೊಸದಾಗಿ ರೋಗ ಪತ್ತೆಯಾದವರಲ್ಲಿ ಮಧ್ಯಾಂಕ ಬದುಕು 19.3 ತಿಂಗಳು, ಹೋಲಿಕೆಯ ಗುಂಪಿನಲ್ಲಿ 16.5. ಆ ಹೋಲಿಕೆಯ ಗುಂಪು ಬೇರೆ ಟ್ರಯಲ್‌ಗಳಿಂದ ತಂದದ್ದು, ಹಾಗಾಗಿ ಕುಣಿಯುವುದು ಬೇಡ. ದಾರಿ ಮುಚ್ಚಿಲ್ಲ ಎಂಬಷ್ಟು ಸಾಕು.

ಕ್ರಮ ನಿಮಗೆ ಗೊತ್ತಿರುವುದೇ. 50 ಮಿ.ಲೀ. ರಕ್ತ, 1.077 ಸಾಂದ್ರತೆಯ ಫೈಕಾಲ್ (ರಕ್ತಕೋಶಗಳನ್ನು ಪದರವಾಗಿ ಬೇರ್ಪಡಿಸುವ ದ್ರವ) ಮೇಲೆ ಸೆಂಟ್ರಿಫ್ಯೂಜಿನಲ್ಲಿ 400 ಜಿ, 30 ನಿಮಿಷ, ಬ್ರೇಕ್ ಇಲ್ಲದೆ. ನಡುವಿನ ಬಿಳಿ ಪದರ ತೊಳೆದು ತಟ್ಟೆಗೆ ಹಾಕಿ, 37 ಡಿಗ್ರಿಯಲ್ಲಿ ಎರಡು ಗಂಟೆ. ಅಂಟದೆ ಉಳಿದದ್ದನ್ನು ಚೆಲ್ಲಬೇಡಿ, ಮುಂದೆ ಟಿ ಕೋಶಕ್ಕೆ ಅದೇ ಬೇಕು. ಅಂಟಿದ್ದು ಮೋನೋಸೈಟ್, ಡೆಂಡ್ರಿಟಿಕ್ ಕೋಶವಾಗಬಲ್ಲ ಬಿಳಿ ರಕ್ತಕೋಶ. ಅದಕ್ಕೆ ಮಿ.ಲೀ.ಗೆ ಜಿಎಂ-ಸಿಎಸ್‌ಎಫ್ 100 ನ್ಯಾನೋಗ್ರಾಂ, ಐಎಲ್-4 50; ಇವು ಸೈಟೋಕೈನ್, ಅಂದರೆ ಕೋಶಕ್ಕೆ ಸಂದೇಶ ಕೊಡುವ ಪ್ರೋಟೀನ್. ಮೂರನೇ ದಿನ ಅರ್ಧ ಮೀಡಿಯಾ ಬದಲು, ಐದನೇ ದಿನ ಸಂಜೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಲೈಸೇಟ್, ಆರನೇ ದಿನ ಬಲಿಸಲು ಟಿಎನ್‌ಎಫ್-ಆಲ್ಫಾ, ಐಎಲ್-1ಬೀಟಾ, ಐಎಲ್-6, ಪಿಜಿಇ2. ಎಂಟನೇ ದಿನ ಕೊಯ್ಲು. ಪಿಜಿಇ2 ಹಾಕಿದರೆ ಕೋಶ ಚೆನ್ನಾಗಿ ಚಲಿಸುತ್ತದೆ, ಆದರೆ ಟಿ ಕೋಶವನ್ನು ಹುರಿದುಂಬಿಸುವ ಐಎಲ್-12 ಬೀಳುತ್ತದೆ. ನಾವು ಪಿಜಿಇ2ನ್ನು ತಗ್ಗಿಸಿದ್ದೇವೆ. ಎಷ್ಟು, ಯಾವ ಗಂಟೆಗೆ ಎಂದು ಬರೆಯುವುದಿಲ್ಲ. ಅದಕ್ಕೆ ಆರು ತಿಂಗಳು ತೆತ್ತಿದ್ದೇವೆ.

ಮೊದಲ ಹಾಳು ನೀರಿನದ್ದು. ಮೂರನೇ ದಿನಕ್ಕೇ ಕೋಶಗಳು ಗೊಂಚಲು ಕಟ್ಟಿ, ಮೈತುಂಬ ಎಳೆ ಚಾಚಿ, ನೋಡಲು ಚಂದವೋ ಚಂದ. ಸಿಡಿ83 ನೋಡಿದರೆ ಆಗಲೇ ಶೇ. 40. ಹಿಗ್ಗಿದ್ದೇ ಬಂತು. ಐದನೇ ದಿನ ಲೈಸೇಟ್ ಕೊಟ್ಟರೆ ಮುಟ್ಟುವುದೇ ಇಲ್ಲ. ಎಳೆಯ ಕೋಶ ಮಾತ್ರ ತಿನ್ನುತ್ತದೆ, ಬಲಿತ ಮೇಲೆ ಬಾಯಿ ಮುಚ್ಚಿತು. ಬೇಗ ಬಲಿಸಿದ್ದು ಎಂಡೋಟಾಕ್ಸಿನ್, ಬ್ಯಾಕ್ಟೀರಿಯಾದ ಹೊರಪದರದ ವಿಷ. ಮುರಕಲ್ಲಿನ ಬಾವಿಯ ನೀರನ್ನೇ ಬಟ್ಟಿ ಇಳಿಸಿ, ಆಟೋಕ್ಲೇವ್ ಮಾಡಿ ಪಿಬಿಎಸ್ (ಕೋಶ ತೊಳೆಯುವ ಉಪ್ಪಿನ ದ್ರಾವಣ) ಕಲಸುತ್ತಿದ್ದೆವು. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಎಂಡೋಟಾಕ್ಸಿನ್ ಅಲ್ಲೇ ಉಳಿಯುತ್ತದೆ. ಗಾಜಿನ ಸಾಮಾನಿಗೆ 250 ಡಿಗ್ರಿ ಒಣ ಶಾಖ ಅರ್ಧ ಗಂಟೆ ಬೇಕು. ಈಗ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಬಾಟಲು, ಕಲಸಲು ಇಂಜೆಕ್ಷನ್ ನೀರು; ಅದಕ್ಕೆ ಮಿ.ಲೀ.ಗೆ ಎಂಡೋಟಾಕ್ಸಿನ್ 0.25 ಘಟಕ ಮೀರಬಾರದೆಂಬ ಮಿತಿ ಇದೆ. ಬಾಟಲಿಗೆ ನಲವತ್ತೋ ಐವತ್ತೋ ರೂಪಾಯಿ. ಅದನ್ನು ಉಳಿಸಲು ಹೋಗಿ ಸೈಟೋಕೈನ್‌ನಲ್ಲೇ ಲಕ್ಷದ ಮೇಲೆ ಕಳೆದುಕೊಂಡೆವು.

ಎರಡನೆಯದು ಸೀರಂ, ಕೋಶಕ್ಕೆ ಆಹಾರವಾಗಿ ಹಾಕುವ ರಕ್ತದ ತಿಳಿ. ಇದರಲ್ಲಿ ಸೋತದ್ದು ತಿಳಿಯಲೇ ತಡವಾಯಿತು, ಯಾಕೆಂದರೆ ಅಂಕಿಗಳು ಗೆದ್ದಂತೆ ಕಾಣುತ್ತಿದ್ದವು. ದನದ ಸೀರಂ ಶೇ. 10 ಹಾಕಿ ಬೆಳೆಸಿದ ಕೋಶವನ್ನು ಅದೇ ದಾನಿಯ ಟಿ ಕೋಶಕ್ಕೆ ಕೊಟ್ಟರೆ ತಟ್ಟೆ ತುಂಬ ಚುಕ್ಕೆ. ಲೈಸೇಟ್ ತಿನ್ನದ ಕೋಶಕ್ಕೂ ಅಷ್ಟೇ ಚುಕ್ಕೆ! ಟಿ ಕೋಶ ಸಿಟ್ಟಾದದ್ದು ಗಡ್ಡೆಯ ಮೇಲಲ್ಲ, ದನದ ಪ್ರೋಟೀನಿನ ಮೇಲೆ. ಲೈಸೇಟ್ ಇಲ್ಲದ ಕಂಟ್ರೋಲ್ ಇಡದವರ ಚುಕ್ಕೆಯನ್ನು ನಾನು ನಂಬುವುದಿಲ್ಲ. ಈಗ ದಾನಿಯದೇ ಪ್ಲಾಸ್ಮಾ, 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಜೋರಾಗಿ ತಿರುಗಿಸಿ ಗಸಿ ಬಿಟ್ಟು, ಶೇ. 1ರಿಂದ 2. ಹಣವೂ ಉಳಿಯಿತು.

ರಕ್ತ ಮಂಗಳೂರಿನಿಂದ ಬರುವುದು, 50 ಕಿ.ಮೀ. ದೂರ. ಹೆದ್ದಾರಿ ಅಗೆದಿದ್ದ ದಿನಗಳಲ್ಲಿ ಎರಡೂವರೆ ಗಂಟೆ ಹಿಡಿದದ್ದೂ ಉಂಟು. ಹಾಳಾಗದಿರಲಿ ಎಂದು ಐಸ್ ಮೇಲೆ ತಂದದ್ದೇ ತಪ್ಪು: ಬಿಳಿ ಪದರದಲ್ಲಿ ಗ್ರಾನ್ಯುಲೋಸೈಟ್ (ನಮಗೆ ಬೇಡದ ಬೇರೆ ಬಿಳಿ ರಕ್ತಕೋಶ) ಸೇರಿಕೊಂಡು ತಟ್ಟೆಯೆಲ್ಲ ಕೊಳಕು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ 20 ಡಿಗ್ರಿಯ ಆಸುಪಾಸು ತನ್ನಿ, ಟ್ಯೂಬುಗಳ ನಡುವೆ ಹತ್ತಿ ತುರುಕಿ. ಏಪ್ರಿಲಿನಲ್ಲಿ ಫೈಕಾಲ್ ಬಾಟಲು ಹೊರಗಿಟ್ಟು 33 ಡಿಗ್ರಿ ಆಗಿದ್ದಾಗ ಇಳುವರಿ ಅರ್ಧಕ್ಕೆ ಬಿತ್ತು. ಅದನ್ನೂ 20ಕ್ಕೆ ಇಳಿಸಿಯೇ ಬಳಸಬೇಕು. ಮಿದುಳಿನ ಊತಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ತೆಗೆದುಕೊಳ್ಳುವವರ ರಕ್ತದಲ್ಲಿ ಮೋನೋಸೈಟ್ ಸಿಗುತ್ತದೆ, ಆದರೆ ಎಚ್‌ಎಲ್‌ಎ-ಡಿಆರ್ (ಟಿ ಕೋಶಕ್ಕೆ ಗುರುತು ಎತ್ತಿ ತೋರಿಸುವ ಪ್ರೋಟೀನ್) ತಗ್ಗಿರುತ್ತದೆ, ಬಲಿಯಲು ಸೋಮಾರಿ. ಔಷಧಿ ಕಡಿಮೆ ಮಾಡಿಸುವ ಮಾತೇ ಇಲ್ಲ. ಡೋಸು ಬರೆದಿಟ್ಟು, ಆ ಬ್ಯಾಚನ್ನು ಬೇರೆಯಾಗಿ ಲೆಕ್ಕ ಹಾಕುತ್ತೇವೆ.

ಮಳೆಗಾಲದ ಬೂಷ್ಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಟ್ಟಿನ ಪೆಟ್ಟಿಗೆ ಒಂದನ್ನೂ ಒಳಗೆ ಬಿಡಬೇಡಿ, ಇನ್ಕ್ಯುಬೇಟರಿನ ನೀರಿನ ತಟ್ಟೆಗೆ ಮೈಲುತುತ್ತು ಹಾಕಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊಸ ಬ್ಯಾಚ್ ಶುರು ಮಾಡುವುದನ್ನೇ ಬಿಟ್ಟಿದ್ದೇವೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಸಿಪಿಸಿಆರ್‌ಐ (ತೆಂಗು ಮುಂತಾದ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಇರುವ ಊರಿನಲ್ಲಿದ್ದು ಬೊಂಡದ ನೀರು ಬಿಟ್ಟರೆ ಹೇಗೆ ಎಂದು ಕೋಶ ಹೆಪ್ಪುಗಟ್ಟಿಸಿಡುವ ಫ್ರೀಜಿಂಗ್ ಮೀಡಿಯಾದಲ್ಲಿ ಪ್ಲಾಸ್ಮಾದ ಬದಲು ಅದನ್ನೇ ಹಾಕಿ, ಮಂಜಿನ ಹರಳಿನಿಂದ ಕೋಶ ಕಾಯುವ ಶೇ. 10 ಡಿಎಂಎಸ್‌ಒ ಸೇರಿಸಿದೆವು. 0.22 ಮೈಕ್ರಾನ್ ಫಿಲ್ಟರ್ ಎರಡು ಸಿರಿಂಜಿಗೇ ಕಟ್ಟಿತು. ಕರಗಿಸಿದಾಗ ಬದುಕಿದ್ದು ಶೇ. 30ರಷ್ಟು, ಪ್ಲಾಸ್ಮಾದಲ್ಲಿ 75. ಸಸ್ಯದ ಕೋಶಕ್ಕೆ ಅದು ಅಮೃತ, ನಮ್ಮದಕ್ಕೆ ಪೊಟ್ಯಾಸಿಯಂ ವಿಪರೀತ. ಉಳಿದ ಬೊಂಡ ಕುಡಿದು ಮುಗಿಸಿದೆವು.

ಕೊನೆಗೆ ಲೈಸೇಟ್. ಗಡ್ಡೆಯ ಒಳ್ಳೆಯ ತುಂಡು ಪೆಥಾಲಜಿಗೆ ಹೋಗುತ್ತದೆ, ಹೋಗಲೇಬೇಕು. ಒಪ್ಪಿಗೆಪತ್ರ ಇದ್ದಲ್ಲಿ ನಮಗೆ ಸಿಗುವುದು ಸರ್ಜನ್ ಅಲ್ಟ್ರಾಸೋನಿಕ್ ಯಂತ್ರದಲ್ಲಿ ಹೀರಿದ್ದು: ಸಲೈನ್, ರಕ್ತ, ಗಡ್ಡೆಯ ಚೂರು ಕಲಸಿದ ಒಂದು ಚೀಲ. ಮೊದಲು ಅದನ್ನು ಹಾಗೇ ದ್ರವ ಸಾರಜನಕಕ್ಕೂ 37 ಡಿಗ್ರಿಯ ನೀರಿಗೂ ಆರು ಸಲ ಆಡಿಸಿ ಕೋಶ ಒಡೆಯುತ್ತಿದ್ದೆವು. (ಸಾರಜನಕ ದನಗಳ ಕೃತಕ ಗರ್ಭಧಾರಣೆಗೆ ಪೂರೈಸುವವರಿಂದಲೇ ಸಿಗುತ್ತದೆ, ಕೇಳಿ ನೋಡಿ.) ಬ್ರಾಡ್‌ಫೋರ್ಡ್‌ನಲ್ಲಿ (ಪ್ರೋಟೀನ್ ಅಳೆಯುವ ಪರೀಕ್ಷೆ) ಮಿ.ಲೀ.ಗೆ 6 ಮಿ.ಗ್ರಾಂ ಪ್ರೋಟೀನ್ ಬಂದಾಗ ಬೆನ್ನು ತಟ್ಟಿಕೊಂಡದ್ದೇ. ಆದರೆ ಚುಕ್ಕೆ ಏಳುವುದಿಲ್ಲ. ಸೈಟೋಕೈನ್ ಕಂಪನಿ ಬದಲಾಯಿಸಿದೆವು, ಡೋಸು ಹೆಚ್ಚಿಸಿದೆವು, ಇನ್ನೊಂದು ಲಕ್ಷ ಹೋಯಿತು.

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದ ದಿನ ಗುಟ್ಟು ಬಯಲಾಯಿತು. ಉಳಿದ ಪಟ್ಟಿಗಳೆಲ್ಲ ಮಸುಕು, ತಳದಲ್ಲಿ 16 ಕಿಲೋಡಾಲ್ಟನ್ ಹತ್ತಿರ ಹೆಬ್ಬೆರಳಿನಷ್ಟು ದಪ್ಪದ ಒಂದೇ ಪಟ್ಟಿ. ಹೀಮೋಗ್ಲೋಬಿನ್! ನಾವು ತಿನ್ನಿಸುತ್ತಿದ್ದ 100 ಮೈಕ್ರೋಗ್ರಾಂನಲ್ಲಿ ಮುಕ್ಕಾಲು ಪಾಲು ರೋಗಿಯದೇ ಕೆಂಪು ರಕ್ತ. ಈಗ ಚೂರುಗಳನ್ನು ಮೊದಲು ಕೆಂಪು ರಕ್ತಕೋಶ ಒಡೆಯುವ ಅಮೋನಿಯಂ ಕ್ಲೋರೈಡಿನಲ್ಲಿ ಐದು ನಿಮಿಷ ಇಟ್ಟು, ಚಹಾದ ಬಣ್ಣ ಹೋಗಿ ಕೆನೆಬಣ್ಣದ ಗಸಿ ಉಳಿಯುವವರೆಗೆ ಸಲೈನಿನಲ್ಲಿ ತೊಳೆಯುತ್ತೇವೆ, ನಾಲ್ಕು ಸಲ, ಕೆಲವಕ್ಕೆ ಆರು. ಸತ್ತು ಹಳದಿಯಾದ ನಡುಭಾಗದ ಚೂರು ಕಂಡರೆ ಚಿಮಟಿಯಲ್ಲಿ ಎತ್ತಿ ಬಿಸಾಡಿ. ಆರು ಸಲ ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ ಟ್ರಿಪಾನ್ ಬ್ಲೂ (ಸತ್ತ ಕೋಶಕ್ಕೆ ಹತ್ತುವ ಬಣ್ಣ) ನೋಡಿದರೆ ಸಾಲದು. ಒಂದು ಹನಿಯನ್ನು ತಟ್ಟೆಗೆ ಹಾಕಿ ಏಳು ದಿನ ಕಾಯಿರಿ, ಒಂದು ಕೋಶವೂ ಅಂಟಬಾರದು.

ಪ್ರೋಟೀನ್ ಮೂರನೇ ಒಂದಕ್ಕೆ ಇಳಿಯಿತು. ಚೀಲಕ್ಕೆ ಇಪ್ಪತ್ತೈದು ವಯಲು ಬರುತ್ತಿದ್ದಲ್ಲಿ ಎಂಟೋ ಒಂಬತ್ತೋ. ಆದರೆ ಲಕ್ಷ ಕೋಶಕ್ಕೆ ಚುಕ್ಕೆ 120ರ ಹತ್ತಿರ, ಲೈಸೇಟ್ ಇಲ್ಲದ್ದಕ್ಕೆ 20. ಬ್ಯಾಚಿನ ಖರ್ಚು ನಲವತ್ತು ಸಾವಿರದಿಂದ ಇಪ್ಪತ್ತೆರಡಕ್ಕೆ ಬಂದಿದೆ. ಮೈನಸ್ 80ರಲ್ಲಿ ಜೋಪಾನ ಮಾಡಿದ್ದ ಹಳೆಯ ವಯಲುಗಳನ್ನು ಒಂದೂ ಬಿಡದೆ ಆಟೋಕ್ಲೇವ್ ಮಾಡಿ ಚೆಲ್ಲಿದೆವು.