ನೇರಪ್ರಸಾರದಲ್ಲಿ ಕುದುರೆ ರೇಸ್: ವೀಡಿಯೊ ವಿಳಂಬವನ್ನು ಅಳೆಯುವ ಮತ್ತು ನಿಭಾಯಿಸುವ ಕ್ರಮ

ಮಂಗಳೂರಿನ ಕದ್ರಿಯಲ್ಲೋ ಉಡುಪಿಯ ಮಣಿಪಾಲದಲ್ಲೋ ಕುಳಿತು ಬೆಂಗಳೂರು, ಮೈಸೂರಿನ ರೇಸುಗಳನ್ನು ಮೊಬೈಲಿನಲ್ಲಿ ನೋಡುವವರು, ಪರದೆಯ ಮೇಲೆ ಕಾಣುವುದು ಆಗಲೇ ನಡೆದುಹೋದ ಓಟ ಎಂಬುದನ್ನು ಮೊದಲು ಮನಗಾಣಬೇಕು. ಕ್ಯಾಮೆರಾದ ಚಿತ್ರವನ್ನು ಅನೇಕ ಕಡೆ ಸುಮಾರು 6 ಸೆಕೆಂಡುಗಳ ತುಣುಕುಗಳಾಗಿ ಕಳುಹಿಸುತ್ತಾರೆ. ಮೊಬೈಲಿನ ವೀಡಿಯೊ ಪ್ಲೇಯರ್ ಅಂಥ ಮೂರು ತುಣುಕುಗಳನ್ನು ಕೂಡಿಟ್ಟುಕೊಂಡು ತೋರಿಸಿದರೆ 18 ಸೆಕೆಂಡು ಅಲ್ಲಿಯೇ ಕಳೆಯುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ 16 ಮೀಟರ್ ಓಡುವ ಕುದುರೆ ಅಷ್ಟರಲ್ಲಿ 290 ಮೀಟರಿನಷ್ಟು ಮುಂದೆ ಹೋಗಿರುತ್ತದೆ.

ವಿಳಂಬವನ್ನು ಅಳೆಯಲು, ರೇಸ್ ಕೋರ್ಸಿನಲ್ಲಿರುವ ಪರಿಚಯದವರಿಗೆ ಸಾಮಾನ್ಯ ಫೋನ್ ಕರೆ ಮಾಡಿ, ಕುದುರೆಗಳು ಓಟ ಶುರುಮಾಡುವ ಗೇಟು ತೆರೆದೊಡನೆ "ಬಿಟ್ಟರು" ಎನ್ನಲು ಹೇಳಿರಿ. ಆ ಮಾತು ಕೇಳಿದಾಗ ಸ್ಟಾಪ್‌ವಾಚ್ ಒತ್ತಿ, ನಿಮ್ಮ ಪರದೆಯಲ್ಲಿ ಗೇಟು ತೆರೆದಾಗ ನಿಲ್ಲಿಸಿರಿ. ವಿಳಂಬ ದಿನವಿಡೀ ಒಂದೇ ಆಗಿರುವುದಿಲ್ಲವಾದ್ದರಿಂದ ಮರುಮರು ಅಳೆಯುವುದು ಅಗತ್ಯ.

ನಡುವೆ ವೀಡಿಯೊ ನಿಲ್ಲಿಸಿದ್ದರೆ 'ಲೈವ್' ಗುಂಡಿಯನ್ನು ಒತ್ತಿರಿ. ಚಿತ್ರ ತಡೆತಡೆದು ಬರುವುದಾದರೆ ಗುಣಮಟ್ಟ ಇಳಿಸಿರಿ, ಏಕೆಂದರೆ ಪ್ರತಿಯೊಂದು ತಡೆಯೂ ಹಿಂದುಳಿಯುವಿಕೆಯನ್ನು ಹೆಚ್ಚಿಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕರೆಂಟು ಪದೇಪದೇ ಹೋಗುವುದರಿಂದ ರೂಟರನ್ನು ಇನ್ವರ್ಟರಿಗೆ ಜೋಡಿಸಿರುವುದು ಒಳಿತು.

ಇಷ್ಟು ಮಾಡಿದರೂ ಉಳಿಯುವ ವಿಳಂಬವನ್ನು ವೀಕ್ಷಕರು ಕಳೆಯಲಾರರು. ಆದಕಾರಣ ಬಾಜಿ ಕಟ್ಟುವವರು ಪರದೆಯಲ್ಲಿ ಕಾಣುವ ಬಾಜಿಯ ದರಗಳೂ ಹಳೆಯವೆಂದೇ ಎಣಿಸಿ, ಕುದುರೆ, ಜಾಕಿ (ಸವಾರ), ಕುದುರೆ ಹೊರುವ ಭಾರ, ಓಟದ ದೂರಗಳನ್ನು ರೇಸ್ ಕಾರ್ಡಿನಲ್ಲಿ, ಅಂದರೆ ಆ ದಿನದ ಓಟಗಳ ವಿವರಪಟ್ಟಿಯಲ್ಲಿ ನೋಡಿ, ಕಾನೂನು ಒಪ್ಪುವ ಕಡೆಯಲ್ಲಿ ಮಾತ್ರ, ಕಳೆದುಕೊಂಡರೂ ಮನೆ ನಡೆಯುವಷ್ಟು ಹಣಕ್ಕೆ, ಗೇಟು ತೆರೆಯುವ ಮೊದಲೇ ಬಾಜಿ ಮುಗಿಸಿಕೊಳ್ಳಿರಿ. ಓಟದ ನಡುವೆ ಬಾಜಿ ಸ್ವೀಕರಿಸುವವನು ನಿಮಗಿಂತ ಮುಂಚೆ ಓಟವನ್ನು ನೋಡುತ್ತಿರಬಹುದು. ಅಂಥವನ ಕರೆಯನ್ನು ನಿರಾಕರಿಸಿರಿ.