ಡಿಸ್ಕ್ ಕಾಣದ ಸರ್ವರ್: ಕೋರ್‌ಬೂಟ್ ಜೊತೆ ನನ್ನ ಅನುಭವ

ಸರ್ವರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಬೂಟ್ ಮೆನುವೂ ಬರುತ್ತದೆ. ಆದರೆ ಮೆನುವಿನಲ್ಲಿ ಹಾರ್ಡ್ ಡಿಸ್ಕ್ ಒಂದೂ ಇಲ್ಲ. ಹಳೆಯ ಸರ್ವರ್ ಬೋರ್ಡ್‌ಗೆ ಕೋರ್‌ಬೂಟ್ (ಬಯೋಸ್ ಬದಲು ಹಾಕುವ ಸ್ವತಂತ್ರ ಫರ್ಮ್‌ವೇರ್, ಅಂದರೆ ಗಣಕ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಹಾಕಿದವರು ಇಂಥದ್ದನ್ನು ನೋಡಿರುತ್ತಾರೆ. "ಫರ್ಮ್‌ವೇರ್‌ಗೆ ಡಿಸ್ಕ್ ಕಾಣ್ತಿಲ್ಲ" ಅಂತ ಹೇಳಿಬಿಡುವುದು ಸುಲಭ. ಆ ಮಾತು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಯಾಕೆಂದರೆ ಡಿಸ್ಕ್ ಹುಡುಕುವುದು ಕೋರ್‌ಬೂಟ್‌ನ ಕೆಲಸವೇ ಅಲ್ಲ.

ಕೋರ್‌ಬೂಟ್ ಮಾಡುವುದು ಇಷ್ಟೇ: ಪ್ರೊಸೆಸರ್ ಎಬ್ಬಿಸುತ್ತದೆ, ರ್‍ಯಾಮ್ ಸಿದ್ಧ ಮಾಡುತ್ತದೆ, ಪಿಸಿಐ ಸಾಧನಗಳಿಗೆಲ್ಲ (ಬೋರ್ಡಿಗೆ ಸೇರಿದ ಕಾರ್ಡ್, ಕಂಟ್ರೋಲರ್‌ಗಳಿಗೆ) ವಿಳಾಸ ಕೊಡುತ್ತದೆ, ಡಿಸ್ಕ್ ನೋಡಿಕೊಳ್ಳುವ ಸಾಟಾ ಕಂಟ್ರೋಲರ್ ಚಾಲೂ ಮಾಡುತ್ತದೆ. ಆಮೇಲೆ ಪೇಲೋಡ್‌ಗೆ ಕೆಲಸ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಪೇಲೋಡ್ ಅಂದರೆ ಬೂಟ್ ಕೆಲಸ ಮುಂದುವರಿಸುವ ಪ್ರೋಗ್ರಾಂ: ಹಳೆಯ ಬಯೋಸ್‌ನಂತೆ ನಡೆಯುವ ಸೀಬಯೋಸ್ ಇರಬಹುದು, ಗ್ರಬ್ ಅನ್ನುವ ಬೂಟ್‌ಲೋಡರ್ ಇರಬಹುದು, ಲಿನಕ್ಸ್ ಕರ್ನಲ್ಲೇ ಇರಬಹುದು. ಡಿಸ್ಕ್ ಹುಡುಕುವ ಡ್ರೈವರ್ ಇರುವುದು ಅದರಲ್ಲಿ. ಅದು ಮುಗಿದು ಆಪರೇಟಿಂಗ್ ಸಿಸ್ಟಂ ಬಂದಾಗ ಅದು ತನ್ನದೇ ಡ್ರೈವರ್ ಹಾಕಿಕೊಂಡು ಮೊದಲಿಂದ ಮತ್ತೆ ಹುಡುಕುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು "ಯಾಕೆ ಕಾಣ್ತಿಲ್ಲ" ಅಂತಲ್ಲ, "ಯಾರಿಗೆ ಕಾಣ್ತಿಲ್ಲ" ಅಂತ.

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಪರಿಚಯದವರ ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ಕೆಲಸ. ಜೊತೆಗೆ ಹಲವು ವರ್ಷಗಳ ದಸರಾ ಚಿತ್ರಗಳು: ಜಂಬೂಸವಾರಿ, ಬನ್ನಿಮಂಟಪದ ಪಂಜಿನ ಕವಾಯತು, ಎಲ್ಲ. ಇವನ್ನೆಲ್ಲ ಒಂದೇ ಕಡೆ ಇಡಬೇಕು ಅಂತ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಸರ್ವರ್ ತಂದರು. ಒಳಗಿರುವುದು ಏಸಸ್ ಕೆಜಿಪಿಇ-ಡಿ16 ಬೋರ್ಡ್. ಎರಡು ಜಿ34 ಸಾಕೆಟ್, 16 ರ್‍ಯಾಮ್ ಸ್ಲಾಟ್. ಅದರಲ್ಲಿ ಎಎಂಡಿ ಆಪ್ಟೆರಾನ್ 6200, 6300 ಸರಣಿಯ ಪ್ರೊಸೆಸರ್‌ಗಳು ಕೂರುತ್ತವೆ. ಸ್ವತಂತ್ರ ಫರ್ಮ್‌ವೇರ್ ಇಷ್ಟಪಡುವವರಿಗೆ ಈ ಬೋರ್ಡ್ ಚೆನ್ನಾಗಿ ಗೊತ್ತು. ಕೋರ್‌ಬೂಟ್ ಯೋಜನೆ 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಹೆಸರಲ್ಲಿ ಶುರುವಾಗಿ 2008ರಲ್ಲಿ ಈಗಿನ ಹೆಸರು ಪಡೆಯಿತು. ಈ ಬೋರ್ಡ್‌ಗೆ ಬೆಂಬಲ ಇದ್ದ ಕೊನೆಯ ಮುಖ್ಯ ಆವೃತ್ತಿ 2019ರ 4.11. ನಾನು ಕೆಲಸ ಮಾಡಿದ್ದು ಅದೇ ಕವಲಿನ ಮೇಲೆ, ಪೇಲೋಡ್ ಆಗಿ ಸೀಬಯೋಸ್ ಇಟ್ಟುಕೊಂಡು.

ಕೆಲಸಕ್ಕೆ ಕೈ ಹಾಕಿದ್ದು ಆಷಾಢದಲ್ಲಿ. ಆಗ ಮದುವೆ ಇರುವುದಿಲ್ಲ, ಸರ್ವರ್ ನಿಲ್ಲಿಸಿದರೆ ಯಾರಿಗೂ ತೊಂದರೆ ಇಲ್ಲ. ಚಿತ್ರಗಳಿದ್ದ ಡಿಸ್ಕ್‌ಗಳನ್ನೆಲ್ಲ ಮೊದಲೇ ಹೊರಗೆ ತೆಗೆದಿಟ್ಟೆ. ಫರ್ಮ್‌ವೇರ್ ಪರೀಕ್ಷೆಗೆ ಖಾಲಿ ಡಿಸ್ಕ್ ಮಾತ್ರ, ಇದರಲ್ಲಿ ರಾಜಿ ಬೇಡ. ಈ ಬೋರ್ಡಿನ ಬಯೋಸ್ ಚಿಪ್ 8 ಕಾಲಿನದು, ಸಾಕೆಟ್‌ನಲ್ಲಿ ಕೂತಿರುತ್ತದೆ, ಬೆಸುಗೆ ಇಲ್ಲ. ಮೂಲ ಚಿಪ್ ತೆಗೆದು, ಹೆಸರು ಬರೆದು, ಜೋಪಾನವಾಗಿಟ್ಟು, ಬೇರೆ ಚಿಪ್‌ಗೆ ಹೊಸ ಫರ್ಮ್‌ವೇರ್ ಬರೆದೆ. ಏನೇ ಆದರೂ ಹಳೆಯ ಸ್ಥಿತಿಗೆ ವಾಪಸ್ ಬರಬಹುದು ಅನ್ನುವ ಧೈರ್ಯ ಇದ್ದರೆ ತಲೆ ತಣ್ಣಗಿರುತ್ತದೆ.

ಈ ಬೋರ್ಡ್ ಮೇಲೆ ಒಂದೇ ಆಕಾರದ 7 ಪಿನ್ ಕನೆಕ್ಟರ್‌ಗಳು ಸಾಲಾಗಿವೆ. 6 ಸಾಟಾದವು, 8 ಸ್ಯಾಸ್‌ನವು (ಸರ್ವರ್‌ಗಳಲ್ಲಿ ಡಿಸ್ಕ್ ಜೋಡಿಸುವ ಇನ್ನೊಂದು ರೀತಿ). ಆ 8 ಕನೆಕ್ಟರ್‌ಗೆ ಜೀವ ಬರಬೇಕಾದರೆ ಪೈಕ್ ಅನ್ನುವ ಏಸಸ್‌ನ ಸ್ಲಾಟ್‌ನಲ್ಲಿ ಸ್ಯಾಸ್ ಕಾರ್ಡ್ ಇರಲೇಬೇಕು. ಕಾರ್ಡ್ ಇಲ್ಲದೆ ಅಲ್ಲಿ ಕೇಬಲ್ ಚುಚ್ಚಿದರೆ ಯಾವ ಫರ್ಮ್‌ವೇರ್‌ಗೂ ಏನೂ ಕಾಣುವುದಿಲ್ಲ. ನಮ್ಮ ಸರ್ವರ್‌ನಲ್ಲಿ ಪೈಕ್ 2008 ಕಾರ್ಡ್ ಇತ್ತು. ಅದರ ಮೇಲಿರುವುದು ಎಲ್‌ಎಸ್‌ಐ ಸ್ಯಾಸ್2008 ಚಿಪ್.

ಕೋರ್‌ಬೂಟ್ ಹಾಕಿ ಆನ್ ಮಾಡಿದಾಗ ಮೆನುವೇ ಬರಲಿಲ್ಲ. ಪರದೆ ನಿಂತಲ್ಲೇ ನಿಂತಿತು. ಮಾಲೀಕರ ಮಗ ಪಕ್ಕದಲ್ಲೇ ಇದ್ದ. "ಅಂಕಲ್, ಡಿಸ್ಕ್ ಎಲ್ಲಾ ಹೋಗ್ಬಿಟ್ವಾ?" ಅಂದ. "ಇಲ್ಲ ಕಣಪ್ಪ, ಅದರ ಹತ್ರ ಇನ್ನೂ ಯಾರೂ ಹೋಗೇ ಇಲ್ಲ" ಅಂದೆ.

ಇಂಥ ಹೊತ್ತಲ್ಲಿ ಪರದೆ ನೋಡುತ್ತಾ ಕೂತರೆ ಪ್ರಯೋಜನವಿಲ್ಲ. ಬೋರ್ಡಿನ ಹಿಂದೆ 9 ಪಿನ್ ಸೀರಿಯಲ್ ಪೋರ್ಟ್ ಇದೆ. ಅದಕ್ಕೆ ನಲ್ ಮೋಡೆಮ್ ಕೇಬಲ್ ಹಾಕಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಟ್ಟೆ. ವೇಗ 115200. ಮತ್ತೆ ಆನ್ ಮಾಡಿದ ತಕ್ಷಣ ಸಾಲುಗಳು ಹರಿದು ಬಂದವು. ರ್‍ಯಾಮ್ ಸಿದ್ಧವಾಗಲು ಸಾಕಷ್ಟು ಹೊತ್ತು ಹಿಡಿಯಿತು. ಆಮೇಲೆ ಪಿಸಿಐ ಪಟ್ಟಿ, ಅದರಲ್ಲಿ ಸ್ಯಾಸ್ ಕಾರ್ಡ್ ಇದೆ, ಸಾಟಾ ಕಂಟ್ರೋಲರ್ ಇದೆ. ಆಮೇಲೆ ಸೀಬಯೋಸ್ ತನ್ನ ಹೆಸರು, ಆವೃತ್ತಿ ಹೇಳಿತು. ಕೊನೆಯ ಸಾಲು "ರನ್ನಿಂಗ್ ಆಪ್ಷನ್ ರಾಮ್", ಪಕ್ಕದಲ್ಲಿ ಒಂದು ವಿಳಾಸ. ಅಲ್ಲಿಗೆ ನಿಂತಿತು. ಮುಂದೆ ಒಂದಕ್ಷರ ಇಲ್ಲ.

ಆ ಒಂದು ಸಾಲಿನಲ್ಲಿ ಎಲ್ಲ ಇತ್ತು. ಕೋರ್‌ಬೂಟ್ ತನ್ನ ಕೆಲಸ ಪೂರ್ತಿ ಮುಗಿಸಿದೆ. ಕಾರ್ಡ್ ಪಿಸಿಐ ಮೇಲೆ ಸರಿಯಾಗಿ ಕಾಣುತ್ತಿದೆ. ನಿಂತಿರುವುದು ಸೀಬಯೋಸ್ ಒಳಗೆ, ಕಾರ್ಡಿನ ಆಪ್ಷನ್ ರಾಮ್ ಓಡುವಾಗ.

ಆಪ್ಷನ್ ರಾಮ್ ಅಂದರೆ ಕಾರ್ಡಿನ ಸ್ವಂತ ಫ್ಲ್ಯಾಶ್‌ನಲ್ಲಿರುವ ಪುಟ್ಟ ಪ್ರೋಗ್ರಾಂ. ಬಯೋಸ್ ಅದನ್ನು ಓಡಿಸಿದರೆ, ಅದು ಕಾರ್ಡಿಗೆ ಜೋಡಿಸಿದ ಡಿಸ್ಕ್‌ಗಳನ್ನು ಹುಡುಕಿ ಬಯೋಸ್‌ಗೆ ಪರಿಚಯ ಮಾಡಿಸುತ್ತದೆ. ಮಾಮೂಲಿ ಸಾಟಾಗೆ ಸೀಬಯೋಸ್‌ನಲ್ಲೇ ಎಎಚ್‌ಸಿಐ (ಸಾಟಾ ಕಂಟ್ರೋಲರ್ ಜೊತೆ ಮಾತಾಡುವ ಮಾಮೂಲಿ ರೀತಿ) ಡ್ರೈವರ್ ಇದೆ, ಯಾರ ಸಹಾಯವೂ ಬೇಡ. ಸ್ಯಾಸ್2008ಗೆ ಅಂಥ ಡ್ರೈವರ್ ಅದರಲ್ಲಿಲ್ಲ. ಹಾಗಾಗಿ ಆಪ್ಷನ್ ರಾಮ್ ಓಡಬೇಕು, ಇಲ್ಲವೇ ಮೆನುವಿನಲ್ಲಿ ಆ ಡಿಸ್ಕ್‌ಗಳು ಬರುವುದಿಲ್ಲ. ಈ ಬೋರ್ಡ್, ಈ ಕಾರ್ಡ್, ಈ ಪೇಲೋಡ್ ಸೇರಿದಾಗ ಆಪ್ಷನ್ ರಾಮ್ ಓಡುವಾಗಲೇ ಗಣಕ ನಿಲ್ಲುತ್ತದೆ ಅನ್ನುವುದು ಗೊತ್ತಿರುವ ವಿಷಯ.

ಪರಿಹಾರ ನನಗೆ ತುಂಬ ಇಷ್ಟವಾಯಿತು. ಸೀಬಯೋಸ್ ಕಾರ್ಡಿನ ಫ್ಲ್ಯಾಶ್ ಓದುವ ಮೊದಲು, ಫರ್ಮ್‌ವೇರ್ ಚಿಪ್‌ನೊಳಗಿನ ಕಡತಗಳಲ್ಲಿ ಆ ಕಾರ್ಡಿನ ಹೆಸರಿನ ರಾಮ್ ಇದೆಯಾ ಅಂತ ನೋಡುತ್ತದೆ. ಇದ್ದರೆ ಅದನ್ನೇ ಬಳಸುತ್ತದೆ. ಹಾಗಾದರೆ ಅಲ್ಲಿ ಒಂದು ಖಾಲಿ ಕಡತ ಇಟ್ಟರೆ? ಓಡಿಸಲು ಏನೂ ಇರುವುದಿಲ್ಲ, ಮುಂದೆ ಹೋಗುತ್ತದೆ. ಕಾರ್ಡಿನ ತಯಾರಕರ ಸಂಖ್ಯೆ 1000, ಸಾಧನದ ಸಂಖ್ಯೆ 0072. ಕಡತದ ಹೆಸರು: ಪಿಸಿಐ, ಅದಕ್ಕೆ ಅಂಟಿಕೊಂಡೇ 1000, ಕಾಮಾ, 0072, ಡಾಟ್, ರಾಮ್. ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಎಲ್ಲೂ ಜಾಗ ಬಿಡಬಾರದು. ಫರ್ಮ್‌ವೇರ್‌ಗೆ ಕಡತ ಸೇರಿಸುವ ಕೋರ್‌ಬೂಟ್‌ನ ಸಿಬಿಎಫ್‌ಎಸ್‌ಟೂಲ್‌ನಿಂದ ಅದನ್ನು ಸೇರಿಸಿ, ಪಟ್ಟಿ ತೆಗೆದು ಹೆಸರು ಸರಿಯಾಗಿ ಕೂತಿದೆಯಾ ನೋಡಿ, ಚಿಪ್‌ಗೆ ಬರೆದೆ.

ಇನ್ನೊಂದು ದಾರಿಯೂ ಇದೆ. ಸೀಬಯೋಸ್‌ನಲ್ಲಿ ಪಿಸಿಐ ಆಪ್ಷನ್ ರಾಮ್‌ಗಳಿಗೆಲ್ಲ ಒಂದೇ ಸೆಟ್ಟಿಂಗ್ ಇದೆ. 0 ಅಂದರೆ ಯಾವುದನ್ನೂ ಓಡಿಸಬೇಡ, 1 ಅಂದರೆ ವಿಜಿಎ (ಪರದೆಗೆ ಚಿತ್ರ ಕೊಡುವ ಕಾರ್ಡಿನದು) ಮಾತ್ರ, 2 ಅಂದರೆ ಎಲ್ಲ. ಮೊದಲಿಂದ ಇರುವುದು 2. ಅದನ್ನು 0 ಮಾಡಿದರೂ ಗಣಕ ನಿಲ್ಲುವುದಿಲ್ಲ, ಆದರೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಅದರ ರಾಮ್ ಕೂಡ ಓಡದೆ ಪರದೆ ಕಪ್ಪಾಗಿರುತ್ತದೆ. ಒಂದು ಕಾರ್ಡಿಗಾಗಿ ಎಲ್ಲರ ಬಾಯಿ ಮುಚ್ಚಿಸುವುದು ಯಾಕೆ ಅಂತ ನಾನು ಖಾಲಿ ಕಡತದ ದಾರಿಯನ್ನೇ ಹಿಡಿದೆ.

ಈಗ ಮೆನು ಬಂತು. ಸಾಟಾ ಎಸ್‌ಎಸ್‌ಡಿ ಅದರಲ್ಲಿದೆ, ಸ್ಯಾಸ್ ಡಿಸ್ಕ್‌ಗಳಿಲ್ಲ. ಎಸ್‌ಎಸ್‌ಡಿಯಿಂದ ಲಿನಕ್ಸ್ ಎಬ್ಬಿಸಿದರೆ ಎಂಪಿಟಿ3ಸ್ಯಾಸ್ ಡ್ರೈವರ್ ಕಾರ್ಡನ್ನು ಹಿಡಿದು ಡಿಸ್ಕ್‌ಗಳನ್ನೆಲ್ಲ ತೋರಿಸಿತು. ಲಿನಕ್ಸ್‌ಗೆ ಆಪ್ಷನ್ ರಾಮ್ ಬೇಕಾಗಿಲ್ಲ. ಹಾಗಾಗಿ ಬೂಟ್ ಮತ್ತು ಸಿಸ್ಟಂ ಎಸ್‌ಎಸ್‌ಡಿಯಲ್ಲಿ, ಚಿತ್ರಗಳು ಸ್ಯಾಸ್ ಕಡೆಯ ಡಿಸ್ಕ್‌ಗಳಲ್ಲಿ ಅಂತ ಏರ್ಪಾಡು ಮಾಡಿದೆವು. ಸ್ಯಾಸ್ ಡಿಸ್ಕ್‌ನಿಂದಲೇ ಬೂಟ್ ಆಗಬೇಕು ಅಂತ ಹಠ ಇದ್ದರೆ ಸೀಬಯೋಸ್ ಬಿಟ್ಟು ಲಿನಕ್ಸ್ ಕರ್ನಲ್ಲನ್ನೇ ಪೇಲೋಡ್ ಮಾಡಬೇಕು. ನಮಗೆ ಅದರ ಅಗತ್ಯ ಇರಲಿಲ್ಲ.

ಆಮೇಲೆ ಡಿಸ್ಕ್ ಬೇ (ಡಿಸ್ಕ್‌ಗಳು ಕೂರುವ ಗೂಡು) ಜೋಡಿಸುವಾಗ ಮತ್ತೊಂದು ತೊಂದರೆ ಎದುರಾಯಿತು. ಬೇ ಹಿಂದೆ ನಾಲ್ಕು ಡಿಸ್ಕ್‌ಗಳ ತಂತಿ ಒಟ್ಟಿಗೆ ಸೇರುವ ಎಸ್‌ಎಫ್‌ಎಫ್-8087 ಕನೆಕ್ಟರ್ ಇದೆ, ಬೋರ್ಡಿನ ಕಡೆ ನಾಲ್ಕು ಬಿಡಿ ಕನೆಕ್ಟರ್. ಇದಕ್ಕೆ ಬೇಕಾದದ್ದು ರಿವರ್ಸ್ ಬ್ರೇಕ್‌ಔಟ್ ಕೇಬಲ್. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಫಾರ್ವರ್ಡ್, ಅಂದರೆ ಕಾರ್ಡಿನ ಕಡೆ 8087 ಇದ್ದು ಬಿಡಿ ತುದಿಗಳು ನೇರ ಡಿಸ್ಕ್‌ಗೆ ಹೋಗುವಂಥದ್ದು. ಎರಡೂ ನೋಡಲು ಒಂದೇ ಥರ, ಎರಡೂ ಸರಿಯಾಗಿ ಕೂರುತ್ತವೆ. ಒಳಗಿನ ತಂತಿ ಜೋಡಣೆ ಮಾತ್ರ ಬೇರೆ. ತಪ್ಪು ಕೇಬಲ್ ಇದ್ದರೆ ಡಿಸ್ಕ್ ತಿರುಗುತ್ತದೆ, ದೀಪ ಹತ್ತುತ್ತದೆ, ಲಿನಕ್ಸ್‌ಗೂ ಕಾಣುವುದಿಲ್ಲ. ಲಿನಕ್ಸ್‌ಗೂ ಕಾಣದಿದ್ದರೆ ಫರ್ಮ್‌ವೇರ್ ಬಿಟ್ಟು ಮೊದಲು ಕೇಬಲ್ ನೋಡಬೇಕು. ಖರೀದಿಸುವಾಗ ಪೊಟ್ಟಣದ ಮೇಲೆ ರಿವರ್ಸ್ ಅಂತ ಬರೆದಿದೆಯಾ ನೋಡಿ ತನ್ನಿ.

ಡಿಸ್ಕ್ ತಿರುಗುವುದೇ ಇಲ್ಲ ಅಂದರೆ ಅದು ಬೇರೆ ಕಥೆ. ಸುಮ್ನೆ ಅದರ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ, ಕಂಪನ ಇರುವುದಿಲ್ಲ. ಕೆಲವು ಹೊಸ ದೊಡ್ಡ ಡಿಸ್ಕ್‌ಗಳಲ್ಲಿ ಪವರ್ ಕನೆಕ್ಟರಿನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಮಲಗಿಯೇ ಇರುತ್ತದೆ. ಹಳೆಯ ಪವರ್ ಸಪ್ಲೈ ಅಲ್ಲಿ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಆ ಪಿನ್ ಮೇಲೆ ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯದ ತೆಳು ಟೇಪ್) ಅಂಟಿಸುವುದು ಬಳಕೆಯಲ್ಲಿರುವ ಉಪಾಯ.

ಇನ್ನು ಸಾಟಾ ಕಡೆ. ರೀಬೂಟ್ ಮಾಡಿದರೆ ಕಾಣುವ ಹಾರ್ಡ್ ಡಿಸ್ಕ್, ಕರೆಂಟ್ ಹೋಗಿ ಬಂದಾಗ ಮಾತ್ರ ಮೆನುವಿನಲ್ಲಿ ಕಾಣುತ್ತಿರಲಿಲ್ಲ. ಇದು ಒಳ್ಳೆಯ ಸುಳಿವು. ತಣ್ಣಗಿರುವ ಡಿಸ್ಕ್ ವೇಗ ಹಿಡಿಯಲು ಹೊತ್ತು ಬೇಕು, ಪೇಲೋಡ್ ಅಷ್ಟು ಹೊತ್ತು ಕಾಯದೆ ಮುಂದೆ ಹೋಗಿರಬಹುದು. ಲಿನಕ್ಸ್ ಎದ್ದ ಮೇಲೆ ಸಿಬಿಮೆಮ್ ಅನ್ನುವ ಸಾಧನದಿಂದ ಆ ಬೂಟಿನ ಫರ್ಮ್‌ವೇರ್ ಲಾಗ್ ಪೂರ್ತಿ ಓದಬಹುದು, ಸೀರಿಯಲ್ ಕೇಬಲ್ ಇಲ್ಲದಿದ್ದರೂ. ಕರ್ನಲ್ ಬಿಡದಿದ್ದರೆ ಬೂಟ್ ಸಾಲಿಗೆ ಐಒಮೆಮ್=ರಿಲ್ಯಾಕ್ಸ್ಡ್ ಅಂತ ಸೇರಿಸಬೇಕು. ತಣ್ಣನೆಯ ಬೂಟಿನದೊಂದು, ರೀಬೂಟಿನದೊಂದು ಲಾಗ್ ತೆಗೆದು ಅಕ್ಕಪಕ್ಕ ಇಟ್ಟೆ. ರೀಬೂಟಿನಲ್ಲಿ ಎಎಚ್‌ಸಿಐ ಸಾಲಿನ ಮುಂದೆ ಡಿಸ್ಕಿನ ಹೆಸರು, ಗಾತ್ರ ಇತ್ತು. ತಣ್ಣನೆಯದರಲ್ಲಿ ಆ ಸಾಲೇ ಇಲ್ಲ. ಎಸ್‌ಎಸ್‌ಡಿ ಮಾತ್ರ ಎರಡರಲ್ಲೂ ಇತ್ತು, ಅದಕ್ಕೆ ತಿರುಗುವ ಭಾಗವೇ ಇಲ್ಲವಲ್ಲ. ಎಸ್‌ಎಸ್‌ಡಿಯಿಂದ ಬೂಟ್ ಮಾಡುವುದಕ್ಕೆ ಇದೂ ಒಂದು ಕಾರಣ. ಉಳಿದ ಡಿಸ್ಕ್‌ಗಳಿಗೆ ಲಿನಕ್ಸ್ ತಾಳ್ಮೆಯಿಂದ ಕಾಯುತ್ತದೆ.

ಲಿನಕ್ಸ್‌ನ ಎಲ್‌ಎಸ್‌ಪಿಸಿಐ ಆಜ್ಞೆ ಕೊಡುವ ಪಿಸಿಐ ಪಟ್ಟಿಯಲ್ಲಿ ಸಾಟಾ ಕಂಟ್ರೋಲರಿನ ಸಂಖ್ಯೆಯನ್ನೂ ನೋಡಿ. 1002, 4391 ಇದ್ದರೆ ಎಎಚ್‌ಸಿಐ. 4390 ಇದ್ದರೆ ಹಳೆಯ ಐಡಿಇ ರೀತಿ. ಗ್ರಬ್ ಪೇಲೋಡ್ ಬಳಸುವವರಿಗೆ ಇದು ಮುಖ್ಯ, ಯಾಕೆಂದರೆ ಅಲ್ಲಿ ಡಿಸ್ಕಿನ ಹೆಸರೇ ಬದಲಾಗುತ್ತದೆ. ಎಎಚ್‌ಸಿಐ0 ಹುಡುಕು ಅಂತ ಬರೆದಿಟ್ಟಿದ್ದರೆ ಐಡಿಇ ರೀತಿಯಲ್ಲಿ ಅದು ಸಿಗುವುದಿಲ್ಲ.

ಮಾಲೀಕರ ಮಗನಿಗೆ ಲಾಗ್ ಓದುವುದು ಹಿಡಿಸಿಬಿಟ್ಟಿತು. ಕೊನೆಗೆ ಎರಡೂ ಲಾಗ್‌ಗಳು, ಚಿಪ್‌ಗೆ ಬರೆದ ಫರ್ಮ್‌ವೇರ್ ಕಡತ, ಖಾಲಿ ಕಡತದ ಹೆಸರು, ಎಸ್‌ಎಸ್‌ಡಿ ಯಾವ ಪೋರ್ಟ್‌ನಲ್ಲಿದೆ ಅನ್ನುವುದು, ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಮೂಲ ಚಿಪ್ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟೆವು. ಚಿತ್ರಗಳ ಡಿಸ್ಕ್‌ಗಳನ್ನು ಬೇ ಒಳಗೆ ವಾಪಸ್ ಹಾಕಿದ್ದು ಅದಾದ ಮೇಲೆ. ಒಂದು ಡಿಸ್ಕ್ ಬರಲಿಲ್ಲ ಅಂತ ಇಡೀ ಸರ್ವರ್ ಬೂಟ್ ಆಗದೆ ನಿಲ್ಲಬಾರದು ಅಂತ, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ತೆರೆಯಬೇಕು ಅಂತ ಲಿನಕ್ಸ್‌ಗೆ ಹೇಳುವ ಕಡತ) ಅವುಗಳ ಸಾಲಿಗೆ ನೋಫೇಲ್ ಅಂತ ಸೇರಿಸಿದ್ದೇವೆ.