ಪಿಸ್ತೂಲ್ ಕಾಡತೂಸು ರೀಲೋಡ್ ಮಾಡುವಾಗ ಎಡವಟ್ಟಾದರೆ

ರೀಲೋಡಿಂಗ್ ಎಂದರೆ ಹಾರಿಸಿದ ಕಾಡತೂಸಿನ ಖಾಲಿ ಕೇಸಿಗೆ (ಲೋಹದ ಕವಚ) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಬಟ್ಟಲು), ಸಿಡಿಮದ್ದು, ಗುಂಡು ಹಾಕಿ ಮತ್ತೆ ಬಳಸುವುದು. ಹಿಡಿ ಎಳೆದಂತೆಲ್ಲ ಈ ಹಂತಗಳನ್ನು ಸಾಲಾಗಿ ಮುಗಿಸುವ ಯಂತ್ರವಾದ ಪ್ರೋಗ್ರೆಸಿವ್ ಪ್ರೆಸ್‌ನ ಹಿಡಿ ಅರ್ಧದಲ್ಲಿ ಸಿಕ್ಕಿಕೊಂಡಿತು ಅನ್ನಿ. ಪ್ರೈಮರ್ ಅಡ್ಡ ಬಿದ್ದಿರಬಹುದು, 9 ಎಂಎಂ ಕೇಸುಗಳ ನಡುವೆ ಇನ್ನೂ ಗಿಡ್ಡನೆಯ ಒಂದು 380 ಕೇಸು ನುಸುಳಿರಬಹುದು. ಹಿಡಿಯನ್ನು ಮೇಲೆ ಕೆಳಗೆ ಆಡಿಸಿ ಬಿಡಿಸೋಣ ಎಂದು ಕೈ ತುಡಿಯುತ್ತದೆ. ದೊಡ್ಡ ಅನಾಹುತಗಳು ಹುಟ್ಟುವುದು ಇಲ್ಲೇ. ಕೇಸುಗಳನ್ನು ಹಿಡಿದು ತಿರುಗುವ ಶೆಲ್‌ಪ್ಲೇಟ್ ಮುಂದೆ ಸರಿಯದೆ ಹಿಡಿ ಎರಡು ಸಲ ಇಳಿದರೆ ಒಂದೇ ಕೇಸಿಗೆ ಎರಡು ಪಾಲು ಮದ್ದು ಬೀಳಬಹುದು. ಪ್ಲೇಟನ್ನು ಕೈಯಿಂದ ತಿರುಗಿಸಿದರೆ ಒಂದು ಕೇಸು ಮದ್ದೇ ಇಲ್ಲದೆ ಮುಂದೆ ಹೋಗಬಹುದು. ಹಾಗಾಗಿ ಸಿಕ್ಕಿಕೊಂಡ ಕೂಡಲೇ ಪ್ಲೇಟಿನ ಮೇಲಿರುವ ಎಲ್ಲ ಕೇಸುಗಳನ್ನೂ ತೆಗೆದು, ಮದ್ದು ಸುರಿದು, ಮೊದಲಿಂದ ಶುರುಮಾಡಿ. ಪ್ರೈಮರ್ ಕೂರಿಸುವಾಗ ಬಿಗಿ ಎನಿಸಿದರೆ ಬಲ ಹಾಕಲೇಬೇಡಿ. ಪ್ರೆಸ್‌ನ ಕೊಳವೆಯಲ್ಲಿ ಸಾಲಾಗಿ ಕೂತ ಪ್ರೈಮರ್‌ಗಳು ಒಂದರಿಂದೊಂದಕ್ಕೆ ಹತ್ತಿ ಒಟ್ಟಿಗೆ ಸಿಡಿಯಬಲ್ಲವು. ಕಣ್ಣಿಗೆ ರಕ್ಷಣಾ ಕನ್ನಡಕ ಇಲ್ಲದೆ ಈ ಮೇಜಿನ ಹತ್ತಿರವೇ ಬರಬಾರದು.

ಎರಡು ಪಾಲು ಬಿದ್ದದ್ದು ಕಣ್ಣಿಗೆ ಬೀಳದಿರಲು ಕಾರಣವಿದೆ. ಬೇಗ ಉರಿಯುವ ಮದ್ದಾದರೆ 9 ಎಂಎಂಗೆ ಸುಮಾರು 4 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಮಾನ) ಸಾಕು. ಕೇಸು ಅರ್ಧವೂ ತುಂಬುವುದಿಲ್ಲ. ಇನ್ನೊಂದು ಪಾಲು ಬಿದ್ದರೂ ಹೊರಚೆಲ್ಲದೆ ಗುಂಡಿನ ಕೆಳಗೆ ಅಡಗಿ ಕೂರಬಹುದು. 38 ಸ್ಪೆಷಲ್ ಎಂಬ ರಿವಾಲ್ವರ್ ಕಾಡತೂಸಿನದು ಕರಿಮದ್ದಿನ ಕಾಲದ ಉದ್ದ ಕೇಸು, ಅದು ಮೂರು ಪಾಲನ್ನೂ ನುಂಗಿಬಿಡುತ್ತದೆ. ಹೊಸಬರು ಒಂದು ಪಾಲಿಗೇ ಅರ್ಧಕ್ಕಿಂತ ಹೆಚ್ಚು ತುಂಬುವ, ಉಬ್ಬಿದ ಕಣಗಳ ಮದ್ದನ್ನು ಆರಿಸಿಕೊಳ್ಳುವುದು ಲೇಸು. ಎರಡನೇ ಪಾಲು ಬಿದ್ದರೆ ಮೇಜಿನ ಮೇಲೆಲ್ಲ ಚೆಲ್ಲುತ್ತದೆ, ಬೈದುಕೊಂಡು ಗುಡಿಸಿದರೆ ಮುಗಿಯಿತು.

50 ಕಾಡತೂಸು ಮುಚ್ಚಿದ ಮೇಲೆ ಅನುಮಾನ ಬಂದರೆ ತಕ್ಕಡಿಗೆ ಹಾಕಿ ಪತ್ತೆ ಹಚ್ಚೋಣ ಎನ್ನುವವರಿದ್ದಾರೆ. ನಂಬಬೇಡಿ. ಬೇರೆ ಬೇರೆ ಕಂಪನಿಯ 9 ಎಂಎಂ ಕೇಸುಗಳ ತೂಕದಲ್ಲೇ ಹಲವು ಗ್ರೇನ್ ವ್ಯತ್ಯಾಸವಿರುತ್ತದೆ, ಗುಂಡಿನ ವ್ಯತ್ಯಾಸ ಬೇರೆ. 4 ಗ್ರೇನ್ ಮದ್ದು ಅದರೊಳಗೆ ಕರಗಿಹೋಗುತ್ತದೆ. ಇಡೀ ಕಂತನ್ನೇ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಗುಂಡು ಕೂರಿಸುವ ಮುನ್ನ ಎಲ್ಲ ಕೇಸುಗಳನ್ನೂ ಲೋಡಿಂಗ್ ಬ್ಲಾಕ್ ಎಂಬ ತೂತುಗಳ ಹಲಗೆಯಲ್ಲಿ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದ್ದರೆ ಈ ಕೆಲಸ ಉಳಿಯುತ್ತಿತ್ತು. ಅಲ್ಲಿ ಮದ್ದಿನ ಮಟ್ಟ ಏರುಪೇರಾಗಿದ್ದರೆ ಥಟ್ಟನೆ ಕಾಣುತ್ತದೆ.

ಬಿಚ್ಚಲು ಸುತ್ತಿಗೆಯಂಥ ಇನರ್ಶಿಯಾ ಪುಲ್ಲರ್ ಸಾಕು. ಕಾಡತೂಸನ್ನು ಅದರದೇ ಕಾಲೆಟ್‌ನಲ್ಲಿ (ಕೇಸಿನ ತಳ ಹಿಡಿಯುವ ಬಳೆ) ಸಿಕ್ಕಿಸಿ, ಮುಚ್ಚಳ ಬಿಗಿದು, ಗಟ್ಟಿ ಮರದ ದಿಮ್ಮಿಯ ಮೇಲೆ ಚಪ್ಪಟೆಯಾಗಿ ಕುಟ್ಟಿ. ಮೂರ್ನಾಲ್ಕು ಏಟಿಗೆ ಸಾಮಾನ್ಯವಾಗಿ ಗುಂಡು ಕಳಚುತ್ತದೆ. ಕ್ರಿಂಪ್ (ಗುಂಡನ್ನು ಹಿಡಿದಿಡಲು ಒಳಕ್ಕೆ ಒತ್ತಿದ ಕೇಸಿನ ಬಾಯಂಚು) ಬಿಗಿಯಾಗಿದ್ದರೆ ಇನ್ನೂ ಬೇಕು. ತಳದಲ್ಲಿ ಫೋಮಿನ ಇಯರ್‌ಪ್ಲಗ್ ಇಟ್ಟರೆ ಗುಂಡಿನ ಮೂತಿ ಜಜ್ಜುವುದಿಲ್ಲ. 22ರಂಥ ರಿಮ್‌ಫೈರ್ ಇದರಲ್ಲಿ ಕೂಡದು: ಸಿಡಿಯುವ ವಸ್ತು ಅದರ ಅಂಚಿನಲ್ಲೇ ಇದೆ. ಕೇಸು ಪ್ರೈಮರ್ ಸಮೇತ ಮತ್ತೆ ಬಳಕೆಗೆ ಬರುತ್ತದೆ, ಆದರೆ ಬಾಯಿ ಅಗಲವಾಗಿರುತ್ತದೆ. ಡೈಯ (ಕೇಸನ್ನು ಅಳತೆಗೆ ತರುವ ಅಚ್ಚು) ಡಿಕ್ಯಾಪಿಂಗ್ ಪಿನ್ (ಪ್ರೈಮರ್ ಹೊರದಬ್ಬುವ ಕಡ್ಡಿ) ತೆಗೆದು ಮತ್ತೊಮ್ಮೆ ಸೈಜ್ ಮಾಡಿ, ಇಲ್ಲದಿದ್ದರೆ ಗುಂಡು ಸಡಿಲವಾಗಿ ಕೂರುತ್ತದೆ. ಸಡಿಲ ಗುಂಡು ಚೇಂಬರಿಗೆ (ಬಂದೂಕಿನಲ್ಲಿ ಕಾಡತೂಸು ಕೂರುವ ಗೂಡು) ಹೋಗುವಾಗ ಒಳಕ್ಕೆ ಜಾರಿದರೆ, ಮದ್ದು ಅಷ್ಟೇ ಇದ್ದರೂ ಒತ್ತಡ ಏರುತ್ತದೆ. ತಯಾರಾದ ಕಾಡತೂಸಿನ ಮೂತಿಯನ್ನು ಮೇಜಿನಂಚಿಗೆ ಹೆಬ್ಬೆರಳಲ್ಲಿ ಒತ್ತಿ, ಮೊದಲೂ ಆಮೇಲೂ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಗಿಡ್ಡವಾಗಿದ್ದರೆ ಬಿಚ್ಚುವ ಡಬ್ಬಿಗೆ.

ಎದ್ದುನಿಂತ ಪ್ರೈಮರ್ ಬೆರಳಿಗೆ ತಾಗುತ್ತದೆ. ಅದು ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಗುಂಡು ಕೂರಿಸಿದ ಮೇಲೆ ಪ್ರೈಮರನ್ನು ಒಳಕ್ಕೆ ಒತ್ತಲು ಹೋಗಬೇಡಿ. ಮೊದಲು ಗುಂಡು, ಮದ್ದು ಎರಡನ್ನೂ ಹೊರತೆಗೆಯಿರಿ.

ತಪ್ಪು ರೇಂಜಿನವರೆಗೆ ಹೋಗಿಬಿಟ್ಟರೆ ಕಿವಿಯೇ ಎಚ್ಚರಿಕೆ ಗಂಟೆ. ಢಂ ಎನ್ನುವ ಬದಲು ಪುಸ್ ಎಂದರೆ, ಹಿನ್ನೊದೆತ ಸಪ್ಪೆ ಎನಿಸಿದರೆ, ಆ ಕ್ಷಣವೇ ಬೆರಳು ತೆಗೆಯಿರಿ. ಮದ್ದಿಲ್ಲದೆ ಬರೀ ಪ್ರೈಮರ್ ಸಿಡಿದರೂ ಗುಂಡು ಬ್ಯಾರೆಲ್‌ಗೆ ನುಗ್ಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಿಂದೆಯೇ ಇನ್ನೊಂದು ಬಂದರೆ ಬ್ಯಾರೆಲ್ ಉಬ್ಬುತ್ತದೆ ಅಥವಾ ಸೀಳುತ್ತದೆ. ಏನೂ ಸಿಡಿಯದೆ ಬರೀ ಟಿಕ್ ಎಂದರೂ, ಮೂತಿಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಿರಿ, ತಡವಾಗಿ ಸಿಡಿಯಬಹುದು. ಆಮೇಲೆ ಮ್ಯಾಗಝೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ಬ್ಯಾರೆಲ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ರಿವಾಲ್ವರಿನಲ್ಲಿ ಗುಂಡು ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವೆ ಸಿಕ್ಕಿ ಸಿಲಿಂಡರ್ ತೆರೆಯದೆಯೂ ಇರಬಹುದು. ಆಗ ಸಿಲಿಂಡರಿನ ಬೇರೆ ಗೂಡುಗಳಲ್ಲಿ ಜೀವಂತ ಕಾಡತೂಸುಗಳಿರುತ್ತವೆ, ಗನ್‌ಸ್ಮಿತ್‌ಗೆ ಒಪ್ಪಿಸಿ. ಖಾಲಿ ಬ್ಯಾರೆಲ್ಲಾದರೆ ಎಣ್ಣೆ ಬಿಟ್ಟು, ಒಳವ್ಯಾಸಕ್ಕೆ ಹತ್ತಿರದ ಹಿತ್ತಾಳೆ ಸರಳಿನಿಂದ ಮೆಲ್ಲನೆ ತಟ್ಟಿ ಹೊರಡಿಸಿ. ಮರದ ಕಡ್ಡಿ ಓರೆಯಾಗಿ ಸೀಳಿ ಗುಂಡಿನ ಪಕ್ಕಕ್ಕೆ ಬೆಣೆಯಂತೆ ಕೂರುತ್ತದೆ, ಬೇಡ. ಅದೇ ಕಂತಿನಲ್ಲಿ ಉಳಿದವೆಲ್ಲ ಮನೆಗೆ ವಾಪಸ್, ಬಿಚ್ಚುವುದಕ್ಕೆ.

ಅಂದಹಾಗೆ, ಇದು ಅಮೆರಿಕದಲ್ಲಿರುವವರಿಗೆ ಬರೆದದ್ದು. ಅಲ್ಲಿ ಸ್ವಂತ ಬಳಕೆಯ ರೀಲೋಡಿಂಗ್‌ಗೆ ಫೆಡರಲ್ ಲೈಸೆನ್ಸ್ ಬೇಡ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ.

ಬಿಚ್ಚಿದಾಗ ಬಂದ ಮದ್ದನ್ನು ಮೂಲ ಡಬ್ಬಿಗೆ ಸುರಿಯುವ ಜಿಪುಣತನ ಬೇಡ. 1 ಪೌಂಡ್ ಎಂದರೆ 7000 ಗ್ರೇನ್. 50 ಕಾಡತೂಸಿನದು 200 ಗ್ರೇನ್ ಅಷ್ಟೇ. ಯಾವ ಮದ್ದೆಂಬ ಖಾತ್ರಿ ಹೋದದ್ದನ್ನು ಬಣ್ಣ, ಕಣದ ಆಕಾರ ನೋಡಿ ಗುರುತಿಸಲಾಗದು. ಸ್ವಲ್ಪವೇ ಇದ್ದರೆ ಹುಲ್ಲುಹಾಸಿನ ಮೇಲೆ ತೆಳುವಾಗಿ ಉದುರಿಸಿ, ನೀರು ಹಾಯಿಸಿ.